ಇಲ್ಲ, ಅಲ್ಲ, ಬೇಡ: ಮಾತು ಬಾರದ ಮಗುವಿನ ಹಲಗೆಯಲ್ಲಿ ಏನಿರಬೇಕು?

ಇವತ್ತಿನ ಎಪಿಸೋಡ್‌ನಲ್ಲಿ ಒಂದು ಹಲಗೆ ಬಗ್ಗೆ ಮಾತಾಡೋಣ. ಎ4 ಸೈಜಿನ ರಟ್ಟು, ಅದರ ಮೇಲೆ ಚೌಕ ಚೌಕವಾಗಿ ಚಿತ್ರಗಳು, ಪ್ರತಿ ಚಿತ್ರದ ಕೆಳಗೆ ಒಂದು ಪದ. ಬಾಯಲ್ಲಿ ಮಾತಾಡೋಕೆ ಆಗದ ಮಗು ಬೆರಳಿಟ್ಟು ತೋರಿಸಿ ಮಾತಾಡೋದು ಇದರಲ್ಲೇ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್, ಕಾರಣ ಯಾವುದೇ ಇರಬಹುದು. ಪುಸ್ತಕದ ಭಾಷೆಯಲ್ಲಿ ಇದಕ್ಕೆ ‘ಪೂರಕ ಮತ್ತು ಪರ್ಯಾಯ ಸಂವಹನ’ ಅಂತಾರೆ, ಚಿಕ್ಕದಾಗಿ ಎಎಸಿ. ಸನ್ನೆ, ಚಿತ್ರ, ಮಾತಾಡೋ ಆ್ಯಪ್ ಎಲ್ಲವೂ ಇದರೊಳಗೇ ಬರುತ್ತೆ. ಸ್ಟೀಫನ್ ಹಾಕಿಂಗ್ ಅವರ ಕಂಪ್ಯೂಟರ್ ದನಿ ಕೇಳಿದ್ದೀರಲ್ಲ, ಅದೂ ಇದೇ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಅಪ್ಪ-ಅಮ್ಮಂದಿರು, ಮೇಷ್ಟ್ರುಗಳನ್ನ ಮನಸ್ಸಲ್ಲಿಟ್ಟುಕೊಂಡು ಇದನ್ನ ಮಾಡ್ತಿದ್ದೀನಿ. ಮೊದಲು ಕಾನೂನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ‘ಸಂವಹನ’ ಅನ್ನೋ ಪದಕ್ಕೆ ಕೊಡೋ ಅರ್ಥದಲ್ಲೇ ಪೂರಕ, ಪರ್ಯಾಯ ವಿಧಾನಗಳು ಸೇರಿವೆ. ಶಿಕ್ಷಣದಲ್ಲಿ ಇವುಗಳ ಬಳಕೆಯನ್ನ ಉತ್ತೇಜಿಸೋದು ಸರ್ಕಾರದ ಮತ್ತು ಸ್ಥಳೀಯ ಆಡಳಿತದ ಕೆಲಸ ಅಂತ 17ನೇ ಸೆಕ್ಷನ್ ಹೇಳುತ್ತೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರೋ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದೋ ಹಕ್ಕಿದೆ. ಆದ್ರೆ ದಾಖಲಾತಿ ಬೇರೆ, ಪಾಠ ಬೇರೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ವರ್ಷವಿಡೀ ಯಾರೂ ಒಂದು ಪ್ರಶ್ನೆಯನ್ನೂ ಕೇಳದೆ, ಮಗು ಮುಂದಿನ ಕ್ಲಾಸಿಗೆ ಹೋಗಿಬಿಡಬಹುದು.

ಹಲಗೆ ಅಂದ ತಕ್ಷಣ ಮನೆಯವರಿಗೆ ಬರೋ ಭಯ ಒಂದೇ. ‘ಇದನ್ನ ಅಭ್ಯಾಸ ಮಾಡಿಸಿಬಿಟ್ರೆ ಬರೋ ಮಾತೂ ನಿಂತುಹೋಗುತ್ತೇನೋ!’ ಈ ಭಯಕ್ಕೆ ಆಧಾರ ಇಲ್ಲ. 2006ರಲ್ಲಿ ಮಿಲ್ಲರ್, ಲೈಟ್, ಶ್ಲೋಸರ್ ಅನ್ನೋ ಮೂವರು ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ರು. ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರ ಮಾತೂ ಕಮ್ಮಿಯಾಗಿರಲಿಲ್ಲ. ಶೇ 89ರಷ್ಟು ಜನರ ಮಾತು ಹೆಚ್ಚಾಗಿತ್ತು, ಅದೂ ಬಹಳಷ್ಟು ಜನರಲ್ಲಿ ಸ್ವಲ್ಪವೇ. ಹಲಗೆ ಹಿಡಿದ ಮಗು ಮಾತಾಡಿಯೇ ತೀರುತ್ತೆ ಅಂತ ಇದರ ಅರ್ಥ ಅಲ್ಲ. ಮಾತಿಗೆ ಹಲಗೆ ಅಡ್ಡ ಬರಲ್ಲ, ಅಷ್ಟೇ.

ಈಗ ಹಲಗೆ ಮೇಲೆ ಏನಿರಬೇಕು ಅನ್ನೋದಕ್ಕೆ ಬರ್ತೀನಿ. ನನ್ನ ಪ್ರಕಾರ ಎಲ್ಲ ಕೆಡೋದು ಇಲ್ಲೇ. ಸಾಮಾನ್ಯವಾಗಿ ಮೊದಲ ಹಲಗೆ ಅಂದ್ರೆ ನೀರು, ಊಟ, ಟಾಯ್ಲೆಟ್, ನೋವು. ಇವೆಲ್ಲ ಬೇಕು, ನಿಜ. ಆದ್ರೆ ಇಷ್ಟೇ ಇದ್ದರೆ ಮಗು ಹೋಟೆಲ್‌ನಲ್ಲಿ ಆರ್ಡರ್ ಕೊಡಬಹುದೇ ಹೊರತು ಶಾಲೆಯಲ್ಲಿ ಕಲಿಯೋಕಾಗಲ್ಲ. ನಾವೆಲ್ಲ ದಿನವಿಡೀ ಆಡೋ ಮಾತಿನ ದೊಡ್ಡ ಪಾಲು ಕೆಲವೇ ನೂರು ಪದಗಳಿಂದ ಆಗಿರುತ್ತೆ. ಬೇಕು, ಸಾಕು, ಇನ್ನೂ, ಕೊಡು, ನೋಡು, ಯಾಕೆ, ಎಲ್ಲಿ, ಆಮೇಲೆ, ನಾನೇ. ‘ನಾನೇ ಮಾಡ್ತೀನಿ’ ಅನ್ನೋಕೆ ಚೌಕ ಇಲ್ಲದ ಮಗು ಸಿಟ್ಟು ಮಾಡಿಕೊಂಡರೆ ಅದನ್ನ ಹಟಮಾರಿ ಅಂತಾರೆ.

ಲೋಕಕ್ಕೆಲ್ಲ ಒಂದೇ ಚಿತ್ರಭಾಷೆ ಸಾಕು ಅನ್ನೋ ಆಸೆ ಹಳೇದು. ಚಾರ್ಲ್ಸ್ ಬ್ಲಿಸ್ ಅನ್ನೋರು 1949ರಲ್ಲೇ ಅಂಥದ್ದೊಂದನ್ನ ಪ್ರಕಟಿಸಿದ್ರು. 1971ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮಾತು ಬಾರದ ಮಕ್ಕಳಿಗೆ ಅದನ್ನೇ ಕಲಿಸೋಕೆ ಶುರು ಮಾಡಿದ್ರು. ದೊಡ್ಡ ಕೆಲಸವೇ. ಆದ್ರೆ ಇಂಗ್ಲಿಷ್ ಹಲಗೆಯನ್ನ ಹಾಗೇ ಕನ್ನಡಕ್ಕೆ ಇಳಿಸಿದ್ರೆ ಏನಾಗುತ್ತೆ ನೋಡಿ. ಅಲ್ಲಿ ‘ನೋ’ ಅಂತ ಒಂದು ಚೌಕ, ಒಂದು ಕೆಂಪು ಕ್ರಾಸ್. ನಮ್ಮಲ್ಲಿ ಮೂರಿದೆ. ಪೆನ್ಸಿಲ್ ಇದೆಯಾ ಅಂದ್ರೆ ‘ಇಲ್ಲ’. ಇದು ಕೊಬ್ಬರಿನಾ ಅಂದ್ರೆ ‘ಅಲ್ಲ’. ಇನ್ನೊಂದು ಮುದ್ದೆ ಹಾಕ್ಲಾ ಅಂದ್ರೆ ‘ಬೇಡ’. ಮಿಸ್ಸು ಎಳನೀರಿನ ಚಿತ್ರ ತೋರಿಸಿ ‘ಇದು ಕೊಬ್ಬರಿನಾ?’ ಅಂತ ಕೇಳ್ತಾರೆ, ಮಗು ಕೆಂಪು ಕ್ರಾಸ್ ಮುಟ್ಟುತ್ತೆ. ಸರಿ ಉತ್ತರ ಹೇಳಿತಾ, ಪಾಠ ಬೇಡ ಅಂತಾ, ಇಲ್ಲ ಗೊತ್ತಿಲ್ಲ ಅಂತಾ? ಮಗುವಿಗೆ ಗೊತ್ತಿದ್ದೂ ಸಿಗಬೇಕಾದ ಅಂಕ ಸಿಗಲ್ಲ. ಅದಕ್ಕೇ ಕನ್ನಡದ ಹಲಗೆಯಲ್ಲಿ ಇಲ್ಲ, ಅಲ್ಲ, ಬೇಡ ಮೂರೂ ಬೇರೆ ಬೇರೆ ಇರಬೇಕು, ಪಕ್ಕದಲ್ಲೇ ‘ಗೊತ್ತಿಲ್ಲ’ ಕೂಡ.

ಹಾಗೇನೇ ಬಾ ಮತ್ತು ಬನ್ನಿ. ತಮ್ಮನಿಗೂ ಮೇಷ್ಟ್ರಿಗೂ ಒಂದೇ ‘ಬಾ’ ಅಂದ್ರೆ ಬೈಸಿಕೊಳ್ಳೋದು ಮಗು, ಬೈಸಿಕೊಳ್ಳಬೇಕಾದ್ದು ಹಲಗೆ ಮಾಡಿದವರು.

ಊರಿನ ಪದಗಳೂ ಬೇಕು. ವಿದೇಶದ ಚಿತ್ರಗಳಲ್ಲಿ ತೆಂಗಿನಕಾಯಿಗೆ ಒಂದು ಚಿತ್ರ ಸಿಕ್ಕಿದರೆ ಹೆಚ್ಚು. ನಮ್ಮ ತೋಟದ ಮಗುವಿಗೆ ಎಳನೀರು, ಕಾಯಿ, ಕೊಬ್ಬರಿ, ಗರಿ, ಮಟ್ಟೆ, ಕರಟ ಎಲ್ಲ ಬೇರೆ ಬೇರೆ ವಸ್ತು. ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿ ಆಗೋದನ್ನ ಅದು ನೋಡಿರುತ್ತೆ. ಮೊಬೈಲ್‌ನಲ್ಲಿ ಮನೆಯದೇ ಫೋಟೊ ತೆಗೆದು ಅಂಟಿಸಿದ್ರೆ ಆಯ್ತು. ಬಿ.ಕಾಂ ಓದಿರೋದ್ರಿಂದ ಲೆಕ್ಕಾನೂ ಹೇಳಿಬಿಡ್ತೀನಿ: ಒಂದು ಕಲರ್ ಪ್ರಿಂಟ್, ಒಂದು ಲ್ಯಾಮಿನೇಶನ್, ನೂರು ರೂಪಾಯಿ ಒಳಗೆ ಮುಗಿಯುತ್ತೆ.

ಪಾಠ ಮಾಡೋದು ಹೇಗೆ? ಪ್ರತಿ ಪಾಠದ ಪ್ರತಿ ಪದಕ್ಕೂ ಹೊಸ ಚಿತ್ರ ಹುಡುಕ್ತಾ ಕೂತರೆ ಯಾವ ಟೀಚರ್ ಕೈಯಲ್ಲೂ ಆಗಲ್ಲ. ಪ್ರಶ್ನೆ ಬದಲಾಯಿಸಿ. ‘ತೆಂಗಿನ ಮರದ ಭಾಗಗಳನ್ನು ಹೆಸರಿಸಿ’ ಅನ್ನೋ ಬದಲು ‘ಗರಿ ಬಗ್ಗೆ ಹೇಳು’ ಅನ್ನಿ. ಮೇಲೆ, ಉದ್ದ, ಬೀಳುತ್ತೆ. ಇದ್ದ ಪದಗಳಲ್ಲೇ ಉತ್ತರ ಬಂತು. ಮಗುವಿಗೆ ವಿಷಯ ಗೊತ್ತಿದೆ ಅಂತಾನೂ ಗೊತ್ತಾಯ್ತು.

ಇನ್ನೊಂದು, ಟೀಚರ್ ತಾವೂ ಮಾತಾಡ್ತಾ ಹಲಗೆ ಮುಟ್ಟಬೇಕು. ಮಾತು ಬರೋ ಮಗು ಕೂಡ ಮೊದಲ ಪದ ಆಡೋಕೆ ಮುಂಚೆ ಸುಮಾರು ಒಂದು ವರ್ಷ ಬರೀ ಕೇಳಿಸಿಕೊಂಡಿರುತ್ತೆ. ಹಲಗೆಯಲ್ಲಿ ಯಾರೂ ಮಾತಾಡಿದ್ದನ್ನ ನೋಡದ ಮಗು ಅದರಲ್ಲಿ ಮಾತಾಡೋದಾದ್ರೂ ಹೇಗೆ? ನಮ್ಮ ಸರ್ಕಾರಿ ಶಾಲೆಗಳಿಗೆ ಇದು ತೀರಾ ಹೊಸದೂ ಅಲ್ಲ. 1990ರ ದಶಕದಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಕ್ಕಳು ಚಿತ್ರದ ಕಾರ್ಡ್ ಹಿಡಿದು ಗುಂಪಲ್ಲಿ ಕೂತೇ ಕಲೀತಾರೆ. ವ್ಯತ್ಯಾಸ ಒಂದೇ: ಆ ಕಾರ್ಡು ಶಾಲೆಯದು, ಊಟದ ಬೆಲ್ ಆದಾಗ ಬೀರುವಿಗೆ ಹೋಗಬಹುದು. ಹಲಗೆ ಹಾಗೆ ಹೋಗೋ ಹಾಗಿಲ್ಲ. ಆಟದ ಮೈದಾನಕ್ಕೂ ಬರಬೇಕು, ಮಳೆಗೂ ತಡೀಬೇಕು. ಶಿಕ್ಷೆ ಅಂತ ಅದನ್ನ ಕಿತ್ತಿಟ್ಟರೆ ಬಾಯಿಗೆ ಪ್ಲಾಸ್ಟರ್ ಹಾಕಿದ ಹಾಗೆ.

‘ಅಷ್ಟು ಹೊತ್ತು ಕಾಯೋಕೆ ಟೈಮ್ ಎಲ್ಲಿದೆ?’ ನ್ಯಾಯವಾದ ಪ್ರಶ್ನೆ. ನಾವು ನಿಮಿಷಕ್ಕೆ ನೂರಕ್ಕೂ ಹೆಚ್ಚು ಪದ ಆಡ್ತೀವಿ, ಹಲಗೆ ಬಳಸೋರು ಸಾಮಾನ್ಯವಾಗಿ 15 ದಾಟಲ್ಲ. ನಿಮಿಷಕ್ಕೆ ಆರೇ ಪದ ಅಂತ ಹಿಡಿಯಿರಿ. ಮೂರು ಪದದ ಉತ್ತರಕ್ಕೆ ಅರ್ಧ ನಿಮಿಷ. 40 ನಿಮಿಷದ ಪೀರಿಯಡ್‌ನಲ್ಲಿ ನಾಲ್ಕು ಸಲ ಅವಕಾಶ ಕೊಟ್ಟರೂ ಖರ್ಚು ಎರಡು ನಿಮಿಷ.

ಚಿತ್ರದ ಜೊತೆಗೇ ಅಕ್ಷರವೂ ಶುರುವಾಗಬೇಕು, ಯಾಕಂದ್ರೆ ಹಲಗೆಯಲ್ಲಿ ಇಲ್ಲದ ಪದವನ್ನ ಹೇಳೋಕೆ ಇರೋ ದಾರಿ ಅದೊಂದೇ. ಕನ್ನಡದಲ್ಲಿ ಇದು ಸ್ವಲ್ಪ ಕಷ್ಟವೇ. ‘ಕೊಬ್ಬರಿ’ ನೋಡೋಕೆ ಮೂರಕ್ಷರ. ಕಾಗುಣಿತ, ಒತ್ತು ಬಿಡಿಸಿ ಒಂದೊಂದೇ ಒತ್ತಿದ್ರೆ ಏಳು.

ಯಾರನ್ನ ಕೇಳಬೇಕು? ಮೊದಲು ಮಗುವಿನ ಕಿವಿ ಪರೀಕ್ಷೆ, ಆಮೇಲೆ ಸ್ಪೀಚ್ ಥೆರಪಿಸ್ಟ್. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆ ಇರೋ ಕೇಂದ್ರ ಸರ್ಕಾರದ ಸಂಸ್ಥೆ. ಶಾಲೆ ಕಡೆಯಿಂದ ಆದ್ರೆ ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಅಂದ್ರೆ ಬಿಆರ್‌ಸಿಗೆ ಹೋಗಿ, ಬಿಐಇಆರ್‌ಟಿ ಯಾರು ಅಂತ ಕೇಳಿ. ವಿಶೇಷ ಅಗತ್ಯದ ಮಕ್ಕಳಿಗಾಗಿ ಇರೋ ಸಂಪನ್ಮೂಲ ಶಿಕ್ಷಕರು ಅವರು. ಶಾಲೆಗೆ ಬರೋಕಾಗದ ಮಕ್ಕಳ ಗೃಹಾಧಾರಿತ ಶಿಕ್ಷಣವೂ ಅವರ ಕೆಲಸದಲ್ಲಿ ಸೇರಿದೆ. ಮೊಬೈಲ್ ಇದ್ದರೆ ಐಐಟಿ ಬಾಂಬೆಯಲ್ಲಿ ರೂಪುಗೊಂಡ ಜೆಲ್ಲೋ ಆ್ಯಪ್ ಉಚಿತ. ಚೆನ್ನೈನಲ್ಲಿ ತಯಾರಾದ ಆವಾಜ್ ಕೂಡ ಇದೆ. ಆ್ಯಪ್ ಇದ್ದರೂ ರಟ್ಟಿನ ಹಲಗೆ ಬಿಡಬೇಡಿ. ಕರೆಂಟ್ ಹೋದಾಗ ಅದಕ್ಕೆ ಚಾರ್ಜ್ ಬೇಕಾಗಲ್ಲ.