ಮಡಚುವ ಫೋನಿಗೆ ವಯಸ್ಸಾದದ್ದು ಯಾರಿಂದ?

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಮನೆಗಳಲ್ಲಿ ಹಳೆಯ ಫೋನನ್ನು ಎಸೆಯುವವರು ಕಡಿಮೆ. ಬೀರುವಿನ ಡ್ರಾಯರಿನಲ್ಲೋ ಟಿ.ವಿ. ಸ್ಟ್ಯಾಂಡಿನ ಕೆಳಗೋ ಚಾರ್ಜರಿನ ವೈರು ಸುತ್ತಿಸಿಕೊಂಡು ಅದು ಬಿದ್ದಿರುತ್ತದೆ. ಹೀಗೆ ಬಿದ್ದವುಗಳಲ್ಲಿ ಮಡಚುವ ಸೆಟ್ ಇದ್ದರೆ ಮಕ್ಕಳ ಕೈ ಮೊದಲು ಹೋಗುವುದು ಅದರ ಕಡೆಗೇ. ಟಪ್ ಎಂದು ತೆರೆಯುವ, ಟಪ್ ಎಂದು ಮುಚ್ಚುವ ಆ ಸುಖ ಇಂದಿನ ಗಾಜಿನ ಫೋನಿನಲ್ಲಿ ಇಲ್ಲ. ಬ್ಯಾಟರಿ ಬದಲಿಸಿದರೆ ಇವುಗಳಲ್ಲಿ ಎಷ್ಟೋ ಈಗಲೂ ಆನ್ ಆಗುತ್ತವೆ. ಹಾಗಾದರೆ ಇವನ್ನು ಬದಿಗಿಟ್ಟದ್ದೇಕೆ? ಜನರಿಗೆ ಹೊಸದರ ಆಸೆ, ಕಂಪನಿಗಳು ಹೊಸ ಮಾಡೆಲ್ ತಂದವು, ಕೊಂಡರು ಎನ್ನುವುದು ಎಲ್ಲರೂ ಕೊಡುವ ಉತ್ತರ. ಈ ಉತ್ತರ ಅರ್ಧ ಮಾತ್ರ ಸರಿ. ಈ ಮೂರು ತಾಲ್ಲೂಕುಗಳಂಥ ಕಡೆ ಫೋನಿನ ಆಯಸ್ಸನ್ನು ಹೆಚ್ಚಾಗಿ ತೀರ್ಮಾನಿಸಿದ್ದು ಕೊಂಡವರ ಮನಸ್ಸೂ ಅಲ್ಲ, ಫೋನಿನ ಗಟ್ಟಿತನವೂ ಅಲ್ಲ. ನೆಟ್‌ವರ್ಕ್ ನಡೆಸುವವರು ಮತ್ತು ಅದಕ್ಕೆ ನಿಯಮ ಬರೆಯುವವರು ಬೇರೆಲ್ಲೋ ಕೂತು ಮಾಡಿದ ತೀರ್ಮಾನಗಳು ಅದನ್ನು ನಿರ್ಧರಿಸಿದವು.

ಮಡಚುವ ಫೋನಿನ ವಂಶಾವಳಿ ಮೋಟೊರೋಲಾದಿಂದ ಶುರುವಾಗುತ್ತದೆ. 1989ರ ಮೈಕ್ರೋಟ್ಯಾಕ್‌ನಲ್ಲಿ ಕೀಪ್ಯಾಡಿನ ಮೇಲೆ ಮುಚ್ಚಿಕೊಳ್ಳುವ ಸಣ್ಣ ರೆಕ್ಕೆಯಿತ್ತು. 1996ರ ಸ್ಟಾರ್‌ಟ್ಯಾಕ್ ಪೂರ್ತಿ ಎರಡಾಗಿ ಮಡಚುವ ಮೊದಲ ಫೋನು, ತೂಕ 88 ಗ್ರಾಂ. 2004ರಲ್ಲಿ ಬಂದ ರೇಜರ್ ವಿ3 ಹದಿನಾಲ್ಕು ಮಿಲಿಮೀಟರಿಗಿಂತ ತೆಳುವಾದ ಲೋಹದ ಮೈಯಿಂದ ಜಗತ್ತನ್ನೇ ಮರುಳುಮಾಡಿ 13 ಕೋಟಿಗೂ ಹೆಚ್ಚು ಮಾರಾಟವಾಯಿತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರಿಗೆ ಮಾಡಿದ್ದು. ನಮ್ಮ ಕರ್ನಾಟಕ ವಲಯದಲ್ಲಿ ಮೊದಲು ಬಂದವರು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. ಮೊದಲನೆಯದು ಮುಂದೆ ಏರ್‌ಟೆಲ್ ಆಯಿತು, ಎರಡನೆಯದನ್ನು 2008ರಲ್ಲಿ ಐಡಿಯಾ ಕೊಂಡುಕೊಂಡಿತು. ಆರಂಭದಲ್ಲಿ ನಿಮಿಷಕ್ಕೆ 16 ರೂಪಾಯಿಯವರೆಗೆ ದರ ಇತ್ತು, ಬಂದ ಕರೆಗೂ ದುಡ್ಡು ಕಟ್ಟಬೇಕಿತ್ತು. ಅಡಿಕೆ ವ್ಯಾಪಾರದ ಬೀರೂರಿನಲ್ಲಾಗಲಿ ಈರುಳ್ಳಿ ಬೆಳೆಯುವ ಅಜ್ಜಂಪುರದಲ್ಲಾಗಲಿ ಸಾಮಾನ್ಯ ರೈತನಿಗೆ ಆಗ ಎಸ್‌ಟಿಡಿ ಬೂತೇ ಗತಿ. ಸ್ಟಾರ್‌ಟ್ಯಾಕ್ ಎಷ್ಟು ಚೆನ್ನಾಗಿತ್ತು ಎಂಬುದು ಅವನಿಗೆ ಸಂಬಂಧಪಡದ ಮಾತಾಗಿತ್ತು.

ಬಾಗಿಲು ತೆರೆದದ್ದು ಹ್ಯಾಂಡ್‌ಸೆಟ್ಟಿನಿಂದಲ್ಲ, ದರದಿಂದ. 2002ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಆರಂಭಿಸಿತು, ಡಿಸೆಂಬರಿನಲ್ಲಿ ರಿಲಯನ್ಸ್ ಬಂತು, 2003ರ ಮೇ 1ರಿಂದ ಒಳಬರುವ ಕರೆ ಉಚಿತವಾಯಿತು. ಅದೇ ವರ್ಷದ ಜುಲೈಯಲ್ಲಿ ರಿಲಯನ್ಸ್ 501 ರೂಪಾಯಿ ಕೈಗೆ ಕೊಟ್ಟು ಉಳಿದದ್ದನ್ನು ಕಂತಿನಲ್ಲಿ ಕಟ್ಟಿ ಎಂದು ‘ಮಾನ್ಸೂನ್ ಹಂಗಾಮಾ’ ನಡೆಸಿತು. ದೊಡ್ಡ ಊರುಗಳಾಚೆಗೂ ಸಾಮಾನ್ಯರ ಜೇಬಿಗೆ ಮೊಬೈಲು ಇಳಿದದ್ದು ಇಂಥ ಹಂಗಾಮಿನಿಂದಲೇ, ಅದನ್ನು ಒಪ್ಪಲೇಬೇಕು. ಆದರೆ ಆ ಸೆಟ್‌ನಲ್ಲಿ ಕೊಳ್ಳುವವರಿಗೆ ಕಾಣದ ಒಂದು ಗಂಟಿತ್ತು. ರಿಲಯನ್ಸ್ ಮತ್ತು ಟಾಟಾ ಇಂಡಿಕಾಂ ಬಳಸಿದ್ದು ಸಿಡಿಎಂಎ ತಂತ್ರಜ್ಞಾನ. ಆಗಿನ ಆ ಸೆಟ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇರಲಿಲ್ಲ. ನಂಬರನ್ನು ಫೋನಿನ ಒಳಗೇ ಬರೆದುಬಿಡುತ್ತಿದ್ದರು. ಕಂಪನಿ ಬದಲಿಸಬೇಕೆಂದರೆ ಫೋನನ್ನೇ ಬದಲಿಸಬೇಕು. 2011ರ ಜನವರಿ 20ರಂದು ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶವೆಲ್ಲ ಬಂತು. ಸಿಡಿಎಂಎ ಸೆಟ್ ಇದ್ದವರಿಗೆ ನಂಬರೇನೋ ಜೊತೆಗೆ ಬಂತು, ಫೋನು ಮಾತ್ರ ಹಿಂದೆಯೇ ಉಳಿಯಿತು. ಕೊನೆಗೆ 2016ರಲ್ಲಿ ರಿಲಯನ್ಸ್ ತನ್ನ ಸಿಡಿಎಂಎ ಗ್ರಾಹಕರನ್ನು 4ಜಿಗೆ ಸಾಗಿಸಿತು. 2017ರ ಡಿಸೆಂಬರಿನಲ್ಲಿ ಅದರ 2ಜಿ ಕರೆಗಳೂ ನಿಂತವು. ಅಷ್ಟು ದಿನ ಜೋಪಾನ ಮಾಡಿದ ಎಲ್‌ಜಿ, ಸ್ಯಾಮ್‌ಸಂಗ್ ಸೆಟ್‌ಗಳು, ಮಡಚುವುದಿರಲಿ ಮಡಚದ್ದಿರಲಿ, ಕೆಡದೆಯೇ ನಿರುಪಯೋಗಿಯಾದವು.

ಇದರ ಪಕ್ಕದಲ್ಲಿ ಸಿಮ್ ಹಾಕುವ ಜಿಎಸ್‌ಎಂ ಫೋನನ್ನು ಇಟ್ಟು ನೋಡಿ. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ ಮೊಬೈಲ್ ಕಂಪನಿಗಳ 122 ಲೈಸೆನ್ಸ್‌ಗಳನ್ನು ರದ್ದು ಮಾಡಿತು, 2018ರಲ್ಲಿ ಏರ್‌ಸೆಲ್ ದಿವಾಳಿಯಾಯಿತು. ಆಗೆಲ್ಲ ಜನ ಮಾಡಿದ್ದು ಇಷ್ಟೇ: ಬ್ಯಾಟರಿ ತೆಗೆದು, ಹಳೆಯ ಸಿಮ್ ಕಿತ್ತು, ಹೊಸದನ್ನು ತುರುಕಿದರು. ಫೋನಿಗೆ ಏನೂ ಆಗಲಿಲ್ಲ. 2004ರ ರೇಜರ್ ಜಿಎಸ್‌ಎಂನ ನಾಲ್ಕೂ ಬ್ಯಾಂಡ್‌ಗಳಲ್ಲಿ ಕೆಲಸ ಮಾಡುವಂಥದು. 2ಜಿ ಉಳಿಸಿಕೊಂಡಿರುವ ಕಂಪನಿಯ ಸಿಮ್ಮನ್ನು ಅದರ ಚೌಕಟ್ಟಿನ ಸಮೇತ ಹಾಕಿದರೆ ಇಂದಿಗೂ ಕರೆ ಹೋಗುತ್ತದೆ. ಒಂದೇ ಕಾಲದ, ಒಂದೇ ಆಕಾರದ ಎರಡು ಫೋನುಗಳಲ್ಲಿ ಒಂದು ಸತ್ತು ಇನ್ನೊಂದು ಬದುಕಿದೆ. ವ್ಯತ್ಯಾಸ ಬಿದ್ದದ್ದು ತಯಾರಿಕೆಯಲ್ಲಿ ಅಲ್ಲ, ಬೀಗದ ಕೈ ಯಾರ ಬಳಿ ಇತ್ತು ಎಂಬುದರಲ್ಲಿ.

ಇದಕ್ಕೆ ಮೊದಲ ಆಕ್ಷೇಪ ರಿಪೇರಿ ಬಲ್ಲವರಿಂದಲೇ ಬರಬಹುದು. ಮಡಚುವ ಫೋನು ಹುಟ್ಟಿನಿಂದಲೇ ಸೂಕ್ಷ್ಮ, ನೆಟ್‌ವರ್ಕಿನವರನ್ನು ಯಾಕೆ ದೂರುತ್ತೀರಿ ಎನ್ನಬಹುದು. ಮಾತು ನಿಜ. ಫೋಲ್ಡಿಂಗ್ ಸೆಟ್ ಬಿಚ್ಚಿದರೆ ಕೆಳಗಿನ ಅರ್ಧದಲ್ಲಿ ಬೋರ್ಡು, ಬ್ಯಾಟರಿ, ಕೀಪ್ಯಾಡು ಕಾಣುತ್ತವೆ. ಮೇಲಿನ ಅರ್ಧದಲ್ಲಿ ಡಿಸ್‌ಪ್ಲೇ ಮತ್ತು ಕಿವಿಯ ಸ್ಪೀಕರು. ಎರಡನ್ನೂ ಜೋಡಿಸುವುದು ಹಿಂಜಿನೊಳಗೆ ಸುತ್ತಿಕೊಂಡು ಹೋಗುವ ಕಂದುಬಣ್ಣದ ತೆಳು ಪಟ್ಟಿ. ರಿಪೇರಿಯವರು ಸ್ಟ್ರಿಪ್ ಎಂದು ಕರೆಯುವ ಇದರ ಮೇಲೆ ಕೂದಲೆಳೆಯಂಥ ತಾಮ್ರದ ಗೆರೆಗಳಿವೆ. ಫೋನು ತೆರೆದು ಮುಚ್ಚಿದಾಗಲೆಲ್ಲ ಅದು ಬಾಗುತ್ತದೆ. ವರ್ಷಗಳ ಮೇಲೆ ಒಂದೊಂದೇ ಗೆರೆ ತುಂಡಾಗುತ್ತದೆ. ಮೊದಮೊದಲು ಮುಚ್ಚಳವನ್ನು ಅರ್ಧ ತೆರೆದರೆ ಮಾತ್ರ ಅಕ್ಷರ ಕಾಣುತ್ತವೆ. ಆಮೇಲೆ ಪರದೆ ಬೆಳ್ಳಗಾಗಿ ನಿಂತುಬಿಡುತ್ತದೆ. ಆದರೂ ಕೆಳಗಿನ ಬೋರ್ಡು ಸರಿಯಿರುವುದರಿಂದ ರಿಂಗ್ ಬರುತ್ತಲೇ ಇರುತ್ತದೆ. ಮುಚ್ಚಳದಲ್ಲಿ ಒಂದು ಪುಟ್ಟ ಅಯಸ್ಕಾಂತ, ಬೋರ್ಡಿನಲ್ಲಿ ಅದನ್ನು ಗುರುತಿಸುವ ಸೆನ್ಸರ್. ಮುಚ್ಚಿದೊಡನೆ ಕರೆ ಕಡಿಯುವುದು ಅದರಿಂದ. ಇಷ್ಟು ಸರಳ ಯಂತ್ರ ಅದು. ಸ್ಟ್ರಿಪ್ ಹೋದರೆ ಅದನ್ನಷ್ಟೇ ಬದಲಿಸಬಹುದು, ಹಿಂಜು ಸಡಿಲವಾದರೆ ಹೌಸಿಂಗ್ ಬದಲಿಸಬಹುದು, ಬ್ಯಾಟರಿಯನ್ನಂತೂ ಉಗುರಿನಿಂದ ತೆಗೆಯಬಹುದು. ಪಾರ್ಟ್ ಸಿಗುವವರೆಗೆ ಬಸ್ ಸ್ಟ್ಯಾಂಡಿನ ಪಕ್ಕದ ಸಣ್ಣ ಅಂಗಡಿಯಲ್ಲೇ ಆಗುವ ಕೆಲಸ ಇದು. ಕೆಟ್ಟದ್ದನ್ನು ಸರಿಮಾಡಬಹುದಿತ್ತು, ನೆಟ್‌ವರ್ಕ್ ನಿಂತದ್ದನ್ನು ಯಾವ ರಿಪೇರಿಯವರೂ ಸರಿಮಾಡಲಾರರು. ಬಲಹೀನತೆ ಎರಡು ಬಗೆಯದು ಎಂಬುದನ್ನು ಈ ಆಕ್ಷೇಪ ಮರೆಯುತ್ತದೆ.

ಎರಡನೆಯ ಆಕ್ಷೇಪ ಆಸೆಯದು. ಮಡಚುವ ಫೋನನ್ನು ಜನ ಠೀವಿಗಾಗಿಯೇ ಕೊಂಡರಲ್ಲವೇ? ಕೆಲವರು ಕೊಂಡರು, ತಪ್ಪೂ ಇಲ್ಲ. ಮನುಷ್ಯರು ಚೆಂದದ ವಸ್ತುವನ್ನು ಇಷ್ಟಪಡುತ್ತಾರೆ. ಆದರೆ ಆಸೆಯೇ ಎಲ್ಲವನ್ನೂ ನಡೆಸಿದ್ದರೆ ಆ ದಶಕದಲ್ಲಿ ಗೆದ್ದ ಫೋನು ನೋಕಿಯಾ 1100 ಆಗುತ್ತಿರಲಿಲ್ಲ. 2003ರಲ್ಲಿ ಬಂದ, ಚೆಂದಕ್ಕೆ ಹೆಸರಾಗದ ಈ ಸೆಟ್ ಜಗತ್ತಿನಲ್ಲಿ 25 ಕೋಟಿ ದಾಟಿ ಮಾರಿತು. ಅದರ ಕೀಪ್ಯಾಡು ಧೂಳು ಹೋಗದಂತೆ ಒಂದೇ ಹಾಳೆಯ ರಬ್ಬರು, ತಲೆಯಲ್ಲಿ ಟಾರ್ಚು, 850 ಎಂಎಎಚ್ ಬ್ಯಾಟರಿ. ರೇಜರಿನಲ್ಲಿ ಇದ್ದದ್ದು 680. ಪಂಚನಹಳ್ಳಿ, ಯಗಟಿ, ಸಿಂಗಟಗೆರೆಯ ಬಯಲಿನ ಧೂಳಿಗೆ, ತೋಟಕ್ಕೆ ರಾತ್ರಿ ಮೋಟರ್ ಹಾಕಲು ಹೋಗುವವರ ಕತ್ತಲೆಗೆ, ಕರೆಂಟು ಯಾವಾಗ ಬರುತ್ತದೋ ತಿಳಿಯದ ಮನೆಗೆ ಯಾವುದು ಹೊಂದುತ್ತಿತ್ತು ಎಂದು ಜನ ಲೆಕ್ಕಹಾಕಿಯೇ ಆರಿಸಿದರು. ಮಡಚುವ ಫೋನು ಕೊಂಡವರಿಗೂ ಅವರದೇ ಲೆಕ್ಕವಿತ್ತು. ಜೇಬಿನಲ್ಲಿ ಬಟನ್ ಒತ್ತಿ ತಾನೇ ಕರೆ ಹೋಗುವುದಿಲ್ಲ, ಪರದೆಗೆ ಗೀರು ಬೀಳುವುದಿಲ್ಲ, ಅಡಿಕೆಯ ಚೊಗರು ಮೆತ್ತಿದ ಬೆರಳಿನಿಂದಲೂ ಹೊರಗಿನ ಪುಟ್ಟ ಪರದೆಯಲ್ಲಿ ಯಾರ ಕರೆ ಎಂದು ನೋಡಿ ಬಿಡಬಹುದು. ವಯಸ್ಸಾದವರಿಗೆ ತೆರೆದರೆ ಮಾತು, ಮುಚ್ಚಿದರೆ ಮುಗಿಯಿತು ಎಂಬುದಕ್ಕಿಂತ ಸುಲಭದ ವ್ಯವಸ್ಥೆ ಇನ್ನೂ ಬಂದಿಲ್ಲ.

ಸ್ಮಾರ್ಟ್‌ಫೋನಿಗೆ ಹೋದದ್ದೂ ಪೂರ್ತಿ ಆಸೆಯಿಂದಲ್ಲ. 2020ರಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆಯನ್ನು ರೈತರೇ ಮೊಬೈಲ್ ಆಪ್‌ನಲ್ಲಿ ಮಾಡಿ, ಹೊಲದಲ್ಲಿ ನಿಂತು ಫೋಟೊ ಹಾಕಿ ಎಂದಿತು. ಬೆಳೆ ವಿಮೆ, ಪರಿಹಾರಕ್ಕೆಲ್ಲ ಆ ಮಾಹಿತಿ ಬೇಕು. ಅದೇ ವರ್ಷ ಶಾಲೆಗಳ ಪಾಠ ಫೋನಿಗೆ ಬಂತು. ಇವು ಕೆಟ್ಟ ಯೋಜನೆಗಳೆಂದು ನಾನು ಹೇಳುತ್ತಿಲ್ಲ. ಪಹಣಿ, ಧಾರಣೆ, ಹಣದ ವರ್ಗಾವಣೆ ಅಂಗೈಗೆ ಬಂದದ್ದು ದೊಡ್ಡ ಅನುಕೂಲ. ಆದರೆ ಆ ದಿನ ಕೀಪ್ಯಾಡ್ ಫೋನಿದ್ದವರು ಹೊಸದು ಕೊಂಡದ್ದನ್ನು ಆಯ್ಕೆ ಎಂದು ಕರೆಯುವುದು ನ್ಯಾಯವಲ್ಲ.

ಫೋನನ್ನು ಮುಟ್ಟದೆ ಅದನ್ನು ಬಳಕೆಯಿಂದ ಹೊರಗೆ ತಳ್ಳುವ ಇನ್ನೊಂದು ದಾರಿ ಕರೆನ್ಸಿಯದು. 2005ರ ಕೊನೆಯಲ್ಲಿ ಏರ್‌ಟೆಲ್ 999 ರೂಪಾಯಿಗೆ ಲೈಫ್‌ಟೈಮ್ ವ್ಯಾಲಿಡಿಟಿ ಕೊಟ್ಟಿತು, ಬೇರೆಯವರೂ ಕೊಟ್ಟರು. ಒಳಬರುವ ಕರೆಗಷ್ಟೇ ಫೋನು ಇಟ್ಟುಕೊಂಡು, ತಾವು ಮಾತಾಡಬೇಕಾದಾಗ ಮಿಸ್ಡ್ ಕಾಲ್ ಕೊಡುತ್ತಿದ್ದವರಿಗೆ ಅದು ನಿಜವಾದ ಆಸರೆ. 2018ರ ಕೊನೆಗೆ ಖಾಸಗಿ ಕಂಪನಿಗಳು 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿಸಲೇಬೇಕೆಂದವು. ಮುಂದೆ ಆ ಮೊತ್ತ ಏರುತ್ತಲೇ ಹೋಯಿತು, ಜೊತೆಗೆ ಡೇಟಾವನ್ನೂ ಕಟ್ಟಿಕೊಟ್ಟರು. ಇಂಟರ್‌ನೆಟ್ಟೇ ಬಳಸದ ಫೋಲ್ಡಿಂಗ್ ಸೆಟ್‌ಗೆ ಪ್ರತಿ ತಿಂಗಳು ಡೇಟಾದ ದುಡ್ಡು ತೆತ್ತು ಯಾರು ಇಟ್ಟುಕೊಂಡಾರು? ಮಾತು ಮತ್ತು ಎಸ್‌ಎಂಎಸ್‌ಗೆ ಮಾತ್ರ ಪ್ರತ್ಯೇಕ ಪ್ಯಾಕ್ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ಆದೇಶಿಸಿತು, ಮರುತಿಂಗಳು ಅಂಥ ಪ್ಯಾಕ್‌ಗಳು ಬಂದವು. ಸರಿಯಾದ ಹೆಜ್ಜೆ. ಆದರೆ ತಡವಾಗಿ ಬಂತು.

ಈಗ ಉಳಿದಿರುವುದು ದೊಡ್ಡ ಆಕ್ಷೇಪ. 2ಜಿ ಎಂಬುದು ಮೂವತ್ತು ವರ್ಷದ ತಂತ್ರಜ್ಞಾನ, ಅದಕ್ಕೆ ತರಂಗಾಂತರ ಮೀಸಲಿಟ್ಟಷ್ಟೂ 4ಜಿ, 5ಜಿಗೆ ಕಡಿಮೆಯಾಗುತ್ತದೆ, ಹಳೆಯದನ್ನು ಎಂದಾದರೂ ನಿಲ್ಲಿಸಲೇಬೇಕು ಎಂಬುದು ಆ ವಾದ. 2020ರಲ್ಲಿ ಜಿಯೋದ ಮುಕೇಶ್ ಅಂಬಾನಿ 2ಜಿಯನ್ನು ಇತಿಹಾಸಕ್ಕೆ ಸೇರಿಸಬೇಕೆಂದು ಬಹಿರಂಗವಾಗಿಯೇ ಕೇಳಿದ್ದರು. ತಾಂತ್ರಿಕವಾಗಿ ಈ ವಾದ ಗಟ್ಟಿ. ಯಾವ ನೆಟ್‌ವರ್ಕೂ ಶಾಶ್ವತವಾಗಿರಲಿ ಎಂದು ಕೇಳಲಾಗದು. ಆದರೆ ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಕಡೆ ಹತ್ತಿದರೆ, ಇಲ್ಲವೇ ಲಕ್ಕವಳ್ಳಿಯ ಭದ್ರಾ ಕಾಡಿನ ಅಂಚಿಗೆ ಹೋದರೆ, ಬೆಟ್ಟ ಅಡ್ಡ ಬಂದಂತೆ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಇಳಿಯುತ್ತವೆ. ಇಂಥ ಕಡೆ ಹೊಸ ಟವರ್ ನಿಲ್ಲುವ ಮೊದಲು ಹಳೆಯದನ್ನು ಆರಿಸಿದರೆ ಆಗುವ ಕಷ್ಟ ಬೆಂಗಳೂರಿನ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. 2ಜಿ ಬಳಸುವುದು ಮನುಷ್ಯರು ಮಾತ್ರವಲ್ಲ. ಕೊಳವೆಬಾವಿಯ ಪೆಟ್ಟಿಗೆಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿ ಮನೆಯಿಂದಲೇ ಮೋಟರ್ ಆನ್ ಮಾಡುವ ವ್ಯವಸ್ಥೆ ಕರ್ನಾಟಕದ ತೋಟಗಳಲ್ಲಿ ಬೇರೂರಿದೆ. ಪುಣೆಯ ಸಂತೋಷ್ ಓಸ್ತ್ವಾಲ್ ರೂಪಿಸಿದ ‘ನ್ಯಾನೋ ಗಣೇಶ್’ ಈ ಬಗೆಯ ಸಾಧನಗಳಲ್ಲಿ ಹೆಸರಾದದ್ದು. ಇವುಗಳಲ್ಲಿ ಎಷ್ಟೋ ಒಳಗೆ 2ಜಿ ಸಿಮ್ಮನ್ನೇ ನಂಬಿವೆ. ನೆಟ್‌ವರ್ಕ್ ನಿಂತರೆ ಡ್ರಾಯರಿನಲ್ಲಿರುವ ಫೋನಿನ ಜೊತೆಗೆ ತೋಟದ ಪೆಟ್ಟಿಗೆಯೂ ಮೂಕವಾಗುತ್ತದೆ.

ಹಾಗಾಗಿ ಕೇಳಬೇಕಾದದ್ದು ನಿಲ್ಲಿಸಬೇಡಿ ಎಂದಲ್ಲ. ಯಾವ ವಲಯದಲ್ಲಿ ಯಾವ ತಾರೀಖಿಗೆ ನಿಲ್ಲುತ್ತದೆ ಎಂಬುದನ್ನು ವರ್ಷಗಳ ಮೊದಲೇ, ಕನ್ನಡದಲ್ಲಿ, ಮಾರುವ ಡಬ್ಬಿಯ ಮೇಲೇ ಹೇಳಬೇಕು. 2ಜಿ ಮಾತ್ರ ಇರುವ ಕೀಪ್ಯಾಡ್ ಫೋನುಗಳು ಇಂದಿಗೂ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಕೊಳ್ಳುವವರಿಗೆ ಅದರ ಆಯಸ್ಸು ತಿಳಿಯುವುದಿಲ್ಲ. ಒಂದು ಕಂಪನಿಗೆ ಬೀಗ ಹಾಕಿದ ಸೆಟ್ ಮಾರಿದರೆ, ಆ ಕಂಪನಿ ಸೇವೆ ನಿಲ್ಲಿಸುವಾಗ ಬೀಗ ತೆಗೆದುಕೊಡುವುದು ಅಥವಾ ಬದಲಿ ಫೋನು ಕೊಡುವುದು ಕಡ್ಡಾಯವಾಗಬೇಕು. 2003ರ 501 ರೂಪಾಯಿಯ ಸೆಟ್‌ನಂತೆಯೇ 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್ ಕೂಡ ಒಂದೇ ನೆಟ್‌ವರ್ಕಿಗೆ ಕಟ್ಟಿದ್ದೇ ಆಗಿತ್ತು ಎಂಬುದನ್ನು ನೆನೆದರೆ ಈ ಬೇಡಿಕೆ ಅತಿಯೆನಿಸದು.

ಮನೆಯ ಹಿರಿಯರಿಗೆ ಮಡಚುವ ಫೋನೇ ಬೇಕೆಂದರೆ ಈಗಲೂ ದಾರಿಯಿದೆ. 2022ರಲ್ಲಿ 4,699 ರೂಪಾಯಿಗೆ ಬಂದ ನೋಕಿಯಾ 2660 ಫ್ಲಿಪ್ 4ಜಿ ಫೋನು, ದೊಡ್ಡ ಬಟನ್‌ಗಳದ್ದು, ಬ್ಯಾಟರಿ ಕೈಯಿಂದ ತೆಗೆಯುವಂಥದು. ಅದನ್ನೇ ಆಗಲಿ ಬೇರೆಯದನ್ನೇ ಆಗಲಿ ಕೊಳ್ಳುವಾಗ ಡಬ್ಬಿಯ ಮೇಲೆ 4ಜಿ ವಿಒಎಲ್‌ಟಿಇ (ಅಂದರೆ 4ಜಿಯಲ್ಲೇ ಕರೆ ಮಾಡುವ ವ್ಯವಸ್ಥೆ) ಎಂದು ಬರೆದಿದೆಯೇ ನೋಡಿ, ಮನೆಯವರ ಸಿಮ್ಮನ್ನು ಅಂಗಡಿಯಲ್ಲೇ ಹಾಕಿ ಒಂದು ಕರೆ ಮಾಡಿಸಿ, ಹಿಂಜು ಮತ್ತು ಸ್ಟ್ರಿಪ್ ಹೋದರೆ ಪಾರ್ಟ್ ತರಿಸಿಕೊಡುತ್ತೀರಾ ಎಂದು ಕೇಳಿ.