ಹೃದಯದ ಕೆಲಸವನ್ನು ಅಳೆಯುವ ಬಗೆ

ಹೃದಯವು ಒಂದು ನಿಮಿಷದಲ್ಲಿ ಹೊರದೂಡುವ ರಕ್ತವೆಷ್ಟು? ನಾಡಿಯ ಬಡಿತವನ್ನು ಬೆರಳಿಟ್ಟು ಎಣಿಸಬಹುದು. ಆದರೆ ಪ್ರತಿ ಬಡಿತಕ್ಕೂ ಹೊರಬೀಳುವ ರಕ್ತವನ್ನು ಪಾತ್ರೆಯಲ್ಲಿ ಹಿಡಿದು ಅಳೆಯುವಂತಿಲ್ಲ. ಈ ತೊಡಕಿಗೆ ಜರ್ಮನಿಯ ಶರೀರಕ್ರಿಯಾಶಾಸ್ತ್ರಜ್ಞ ಅಡಾಲ್ಫ್ ಫಿಕ್ ೧೮೭೦ರಲ್ಲಿ ಸೂಚಿಸಿದ ಪರಿಹಾರವು ಬಹಳ ಸರಳವಾದುದು.

ಶ್ವಾಸಕೋಶಗಳು ಹೀರಿಕೊಂಡ ಆಮ್ಲಜನಕವನ್ನು ಅವುಗಳ ಮೂಲಕ ಹರಿಯುವ ರಕ್ತವೇ ಒಯ್ಯಬೇಕು. ವಿಶ್ರಾಂತಿಯಲ್ಲಿರುವ ಆರೋಗ್ಯವಂತನೊಬ್ಬನು ನಿಮಿಷಕ್ಕೆ ೨೫೦ ಘನ ಸೆಂಟಿಮೀಟರು ಆಮ್ಲಜನಕವನ್ನು ಬಳಸುವನೆನ್ನೋಣ. ಶ್ವಾಸಕೋಶಕ್ಕೆ ಬರುವ ರಕ್ತದ ಪ್ರತಿ ಲೀಟರಿನಲ್ಲಿ ೧೫೦, ಅಲ್ಲಿಂದ ಮರಳುವ ರಕ್ತದಲ್ಲಿ ೨೦೦ ಘನ ಸೆಂಟಿಮೀಟರು ಆಮ್ಲಜನಕವಿದ್ದರೆ, ಪ್ರತಿ ಲೀಟರೂ ೫೦ನ್ನು ಹೊತ್ತೊಯ್ದಂತಾಯಿತು. ೨೫೦ನ್ನು ೫೦ರಿಂದ ಭಾಗಿಸಿದರೆ ೫ ಲೀಟರು. ಇದೇ ಹೃದಯದ ನಿಮಿಷಪ್ರಮಾಣ.

ಸೂತ್ರವು ಸುಲಭವಾದರೂ, ಶರೀರದ ಎಲ್ಲ ಭಾಗಗಳಿಂದ ಬಂದು ಬೆರೆತ ರಕ್ತವನ್ನು ಪಡೆಯಲು ಹೃದಯದ ಬಲಭಾಗವನ್ನೇ ಮುಟ್ಟಬೇಕಾಗಿತ್ತು. ೧೯೨೯ರಲ್ಲಿ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ಅಭಿಧಮನಿಯ ಮೂಲಕ ತನ್ನ ಹೃದಯದವರೆಗೆ ತೆಳುವಾದ ನಳಿಕೆಯನ್ನು ತೂರಿಸಿ, ಕ್ಷ-ಕಿರಣ ಚಿತ್ರದಿಂದ ಅದನ್ನು ದೃಢಪಡಿಸಿದನು. ಕೂರ್ನಾಂ ಮತ್ತು ರಿಚರ್ಡ್ಸ್ ಈ ವಿಧಾನವನ್ನು ಬೆಳೆಸಿದರು. ಮೂವರಿಗೂ ೧೯೫೬ರ ನೊಬೆಲ್ ಪಾರಿತೋಷಕವು ಸಂದಿತು.

ಇಂದು ಶ್ರವಣಾತೀತ ತರಂಗಗಳ ಪ್ರತಿಧ್ವನಿಯಿಂದ, ನಳಿಕೆಯಿಲ್ಲದೆಯೇ, ಎಡ ಹೃತ್ಕುಕ್ಷಿಯ ಗಾತ್ರವನ್ನು ಅಂದಾಜು ಮಾಡಬಹುದಾಗಿದೆ. ತುಂಬಿದಾಗ ೧೨೦, ಕುಗ್ಗಿದಾಗ ೫೦ ಘನ ಸೆಂಟಿಮೀಟರು ರಕ್ತವಿದ್ದರೆ ಹೊರಬಿದ್ದುದು ೭೦. ಎಂದರೆ ಸುಮಾರು ಶೇಕಡಾ ೫೮. ವೈದ್ಯರು ಇಜೆಕ್ಷನ್ ಫ್ರ್ಯಾಕ್ಷನ್ ಎಂದು ಕರೆಯುವ ಈ ಪ್ರಮಾಣವನ್ನು ನಾವು ಉತ್ಕ್ಷೇಪಾಂಶವೆನ್ನೋಣ.

ನಿಮಿಷಪ್ರಮಾಣವೂ ಉತ್ಕ್ಷೇಪಾಂಶವೂ ಒಂದೇ ಅಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹಿಗ್ಗಿದ ಹೃತ್ಕುಕ್ಷಿಯೊಂದು ೨೦೦ ಘನ ಸೆಂಟಿಮೀಟರು ತುಂಬಿಕೊಂಡು ಶೇಕಡಾ ೩೫ನ್ನು ಮಾತ್ರ ದೂಡಿದರೂ ಬಡಿತಕ್ಕೆ ೭೦ ದೊರೆಯುತ್ತದೆ. ಪೆಡಸಾದ ಸಣ್ಣ ಹೃತ್ಕುಕ್ಷಿಯು ೭೦ನ್ನಷ್ಟೇ ತುಂಬಿಕೊಂಡು ಶೇಕಡಾ ೬೦ನ್ನು ದೂಡಿದರೆ ದೊರೆಯುವುದು ೪೨. ನಿಮಿಷಕ್ಕೆ ೭೦ ಬಡಿತಗಳೆಂದು ಲೆಕ್ಕಹಾಕಿದರೆ ಮೊದಲನೆಯದು ೪.೯ ಲೀಟರು, ಎರಡನೆಯದು ಸುಮಾರು ೨.೯ ಲೀಟರು. ಮೊದಲನೆಯದರ ಸ್ನಾಯು ದುರ್ಬಲವೇ. ಹಿಗ್ಗುವಿಕೆಯಿಂದ ಅದು ತನ್ನ ಕೊರತೆಯನ್ನು ತುಂಬಿಕೊಂಡಿದೆ. ಎರಡನೆಯದರ ಶೇಕಡಾ ಲೆಕ್ಕ ಚೆನ್ನಾಗಿದ್ದರೂ ಶರೀರಕ್ಕೆ ರಕ್ತವು ಸಾಲದು. ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಣ ಕವಾಟವು ಸೋರುತ್ತಿದ್ದರಂತೂ ಹಿಂದಕ್ಕೆ ಹರಿದ ರಕ್ತವೂ ಉತ್ಕ್ಷೇಪಾಂಶದಲ್ಲಿ ಸೇರಿಬಿಡುತ್ತದೆ.

ಉತ್ಕ್ಷೇಪಾಂಶ ಸರಿಯಾಗಿದ್ದೂ ಏದುಸಿರು ಬಿಡುವ, ಕಾಲು ಬಾತ ರೋಗಿಗೆ ಹೃದಯದಲ್ಲಿ ದೋಷವಿಲ್ಲವೆಂದು ಹೇಳಿ ಕಳುಹಿಸುವುದು ಆದುದರಿಂದ ಅಪಾಯಕರ. ಹೃದಯವು ಎಷ್ಟು ಪಾಲನ್ನು ದೂಡಿತೆಂಬುದರ ಜೊತೆಗೆ ಎಷ್ಟನ್ನು ತುಂಬಿಕೊಂಡಿತು, ಎಷ್ಟು ಮುಂದೆ ಸಾಗಿತು ಎಂಬುದನ್ನೂ ನಾವು ಕೇಳಬೇಕು.