ಮನೆ ತಯಾರಿಕೆಯ ಆಹಾರ ಮಾರಾಟ ಮತ್ತು ಆಹಾರ ಸುರಕ್ಷತೆ

ಮನೆಯ ಅಡುಗೆಮನೆಯಲ್ಲಿ ಊಟ, ತಿಂಡಿ, ಉಪ್ಪಿನಕಾಯಿ, ಕೇಕ್ ಮೊದಲಾದವನ್ನು ತಯಾರಿಸಿ ಮಾರುವವರೂ ಭಾರತದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಗೆ ಒಳಪಡುತ್ತಾರೆ. ಬೆಂಗಳೂರಿನ ದಂಡು ಪ್ರದೇಶಕ್ಕೆ ಇಂತಹ ಮಾರಾಟ ಹೊಸದಲ್ಲ. ಕ್ರಿಸ್‌ಮಸ್ ಕಾಲದ ಕೇಕ್ ಮತ್ತು ಕಲ್‌ಕಲ್, ಹಬ್ಬದ ಬಿರಿಯಾನಿ, ಮುರುಕು ಇವೆಲ್ಲ ಇಲ್ಲಿನ ಮನೆಗಳಿಂದಲೇ ನೆರೆಹೊರೆಗೆ ಹೋಗುತ್ತಿದ್ದವು. ಈಗ ಇಂದಿರಾನಗರ, ಕೆ.ಆರ್. ಪುರದ ವಸತಿ ಸಮುಚ್ಚಯಗಳಲ್ಲಿ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ ಬೇಡಿಕೆ ಬರುತ್ತದೆ. ಕೊಳ್ಳುವವರಿಗೆ ತಯಾರಿಸಿದವರ ಪರಿಚಯವೇ ಇರುವುದಿಲ್ಲ.

ನೋಂದಣಿ

2011ರ ಪರವಾನಗಿ ಮತ್ತು ನೋಂದಣಿ ನಿಯಮಾವಳಿಯು ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದವರನ್ನು ಸಣ್ಣ ಆಹಾರ ಉದ್ಯಮಿಗಳೆಂದು ಗುರುತಿಸಿತು. ಇವರಿಗೆ ಪರವಾನಗಿ ಬೇಕಿಲ್ಲ, ಆದರೆ ನೋಂದಣಿ ಕಡ್ಡಾಯ. ವರ್ಷಕ್ಕೆ 100 ರೂಪಾಯಿ ಶುಲ್ಕ ನಿಗದಿಯಾಗಿತ್ತು. ಅರ್ಜಿಯನ್ನು 2020ರಲ್ಲಿ ಆರಂಭವಾದ ಫಾಸ್ಕಾಸ್ ಜಾಲತಾಣದಲ್ಲಿ ಸಲ್ಲಿಸಬಹುದು. ದೊರೆಯುವ 14 ಅಂಕಿಗಳ ಸಂಖ್ಯೆಯು ಮಾರಾಟಗಾರರನ್ನು ಗುರುತಿಸುತ್ತದೆಯೇ ಹೊರತು ಆಹಾರದ ಶುದ್ಧತೆಗೆ ಪ್ರಮಾಣಪತ್ರವಲ್ಲ. ಈ ವ್ಯತ್ಯಾಸವನ್ನು ಕೊಳ್ಳುವವರು ಹಲವೊಮ್ಮೆ ಮರೆಯುತ್ತಾರೆ.

ಅಡುಗೆಮನೆಯಲ್ಲಿನ ಎಚ್ಚರಿಕೆಗಳು

ನಿಯಮಾವಳಿಯ ನಾಲ್ಕನೆಯ ಅನುಸೂಚಿಯು ಕುಡಿಯಲು ಯೋಗ್ಯವಾದ ನೀರು, ಶುಚಿಯಾದ ಸ್ಥಳ ಹಾಗೂ ಪಾತ್ರೆಗಳನ್ನು ಬಯಸುತ್ತದೆ. ಸೋಂಕು ರೋಗವಿರುವವರು ಆಹಾರ ತಯಾರಿಕೆಯಲ್ಲಿ ತೊಡಗುವಂತಿಲ್ಲ. ಮನೆಯ ಅಡುಗೆಮನೆಯಲ್ಲಿ ನಿಜವಾದ ತೊಡಕು ಪ್ರಮಾಣದ್ದು. ನಾಲ್ವರಿಗೆ ಬೇಯಿಸುವ ಅಭ್ಯಾಸ ನಲವತ್ತು ಮಂದಿಗೆ ಸಾಲದು. ದೊಡ್ಡ ಪಾತ್ರೆಯ ಅನ್ನ ನಿಧಾನವಾಗಿ ಆರುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಉಳಿಯಬಲ್ಲವು. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ಉಂಟುಮಾಡುವ, ವಾಂತಿಗೆ ಕಾರಣವಾಗುವ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ. ಆದ್ದರಿಂದ ಬಿಸಿ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕು. ಉಳಿದ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ಹರಡಿ ಬೇಗ ಆರಿಸಿ ಶೀತಪೆಟ್ಟಿಗೆಗೆ ಸೇರಿಸುವುದು ಸುಲಭದ ದಾರಿ. ಹಸಿ ಮಾಂಸಕ್ಕೆ ಬಳಸಿದ ಚಾಕು, ಹಲಗೆಗಳನ್ನು ತೊಳೆಯದೆ ಸೌತೆಕಾಯಿ ಹೆಚ್ಚಲು ಬಳಸಬಾರದು.

ಕರ್ನಾಟಕ ಸರ್ಕಾರವು 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ರೋಡಮಿನ್-ಬಿ ಸೇರಿದಂತೆ ಕೃತಕ ಬಣ್ಣಗಳ ಬಳಕೆಯನ್ನು, ಜೂನ್‌ನಲ್ಲಿ ಕಬಾಬ್‌ಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಇದು ಹೋಟೆಲುಗಳಿಗೆ ಮಾತ್ರವಲ್ಲ, ಮನೆಯಿಂದ ಕಬಾಬ್ ಮಾರುವವರಿಗೂ ಅನ್ವಯಿಸುತ್ತದೆ.

ತರಬೇತಿ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಫಾಸ್ಟ್ಯಾಕ್ ಎಂಬ ತರಬೇತಿ ಕಾರ್ಯಕ್ರಮವನ್ನು ನಡೆಸುತ್ತದೆ. ಪರವಾನಗಿ ಪಡೆದ ಉದ್ಯಮಗಳಲ್ಲಿ ಆಹಾರ ನಿರ್ವಹಿಸುವ ಪ್ರತಿ 25 ಮಂದಿಗೆ ತರಬೇತಿ ಹೊಂದಿದ ಒಬ್ಬ ಮೇಲ್ವಿಚಾರಕರು ಇರಬೇಕೆಂಬುದು ಅದರ ಗುರಿ. ಕೇವಲ ನೋಂದಣಿಯಿರುವ ಮನೆ ಮಾರಾಟಗಾರರು ಈ ಲೆಕ್ಕದ ಹೊರಗೆ ಉಳಿಯುತ್ತಾರೆ; ಒಬ್ಬರೇ ಕೊಂಡು, ಬೇಯಿಸಿ, ಕಟ್ಟಿ ಕಳಿಸುವ ಇವರಿಗೇ ಅದರ ಅಗತ್ಯ ಹೆಚ್ಚು. ಬೀದಿಬದಿ ಆಹಾರ ಮಾರಾಟಗಾರರಿಗೆಂದೂ ಇದರಲ್ಲಿ ಪ್ರತ್ಯೇಕ ಪಾಠಕ್ರಮವಿದೆ.